ಇಪ್ಪತ್ತೈದನೆಯ ಹಲ್ಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸರಿಯಾಗಿ ಬರೆಯಲು ಬರುವುದಿಲ್ಲ. ಎರಡನೆಯ ಇಯತ್ತೆಯ ಅರ್ಧಕ್ಕೆ ಶಾಲೆ ಬಿಟ್ಟವಳು. ಒತ್ತು, ದೀರ್ಘ ತಪ್ಪಿದರೆ ತಿದ್ದಲು ನನ್ನ ತಮ್ಮನ ಮೊಮ್ಮಗಳಿದ್ದಾಳೆ. ಇಂಜಿನ್ನಿನ ಮಾತನ್ನು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ. ಅದು ತಪ್ಪಿದ್ದರೆ ನನ್ನದೇ ತಪ್ಪು.

ನಿಪ್ಪಾಣಿಯಲ್ಲಿ ಹೈವೇಗೆ ಹೋಗುವ ರಸ್ತೆಯ ಬದಿಗೆ ನನ್ನ ಗ್ಯಾರೇಜು. ಗ್ಯಾರೇಜು ಈಗಲೂ ಇದೆ, ನಾನು ಕೆಲಸ ಬಿಟ್ಟಿದ್ದೇನೆ. ಬೋರ್ಡಿನ ಮೇಲೆ ನನ್ನ ಹೆಸರು ಯಾವಾಗ ಬಂತು, ಶಾಲು ಹೊದಿಸಿ ಫೋಟೋ ತೆಗೆದವರು ಯಾರು, ಅದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿದರೆ ಯಾರಿಗೂ ಒಂದು ನಟ್ಟು ಬಿಗಿಯಲು ಬರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ನಾನು ಹೇಳಬೇಕಾದದ್ದು ಒಂದು ಬೆಲ್ಟಿನ ಒಂದು ಹಲ್ಲಿನ ಮಾತು. ಆ ಬೆಲ್ಟನ್ನು ನಾನು ಒಂದು ಹಲ್ಲು ತಪ್ಪಿಸಿ ಕೂರಿಸಿದೆ. ಆ ಗಾಡಿಯ ಮೇಲೆ ಗಂಡ ಹೆಂಡತಿ ಇಬ್ಬರು ಹತ್ತಿ ಹೊರಟುಹೋದರು. ಆಮೇಲೆ ನನಗೆ ಗೊತ್ತಾಯಿತು.

ಅಲ್ಲಿಗೆ ಬರುವ ಮೊದಲು ನನ್ನ ಕೈಯ ವಿಷಯ ಹೇಳಬೇಕು. ತಪ್ಪು ಕೈಯಲ್ಲಿಯೇ ಇತ್ತು.

ನಾನು ಬೀಡಿ ಕಟ್ಟುವ ಮನೆಯವಳು. ಏಳು ವರ್ಷದವಳಿದ್ದಾಗ ತೊಡೆಯ ಮೇಲೆ ಮೊರ ಬಂತು. ಎಲೆ ಕತ್ತರಿಸುವುದು, ಜರ್ದಾ ತುಂಬುವುದು, ಸುತ್ತುವುದು, ನೂಲು ಕಟ್ಟುವುದು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಬೀಡಿ ಕಂಪನಿಯ ಕಾರಕೂನ ಕಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಒಂದು ಬೀಡಿಯ ಬಾಯಿ ಸಡಿಲವಿದ್ದರೂ ಕಿತ್ತು ಒಗೆಯುತ್ತಿದ್ದ. ಒಂದು ಒಗೆದರೆ ಇಡೀ ಕಟ್ಟು ಕಮ್ಮಿ. ಅದಕ್ಕೆ ನಮ್ಮವ್ವ ಒಂದು ರೂಢಿ ಹಾಕಿದ್ದಳು. ಕಟ್ಟಿನ ಮೊದಲ ಬೀಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಅದನ್ನು ಎಣಿಸಬಾರದು. ಅದು ಕಾರಕೂನನ ಪಾಲು. ಅದರ ಮುಂದಿನದರಿಂದ ಒಂದು, ಎರಡು. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ. ಬಾಯಲ್ಲಿ ಮಾತು ನಡೆದಿರುತ್ತಿತ್ತು, ಕಣ್ಣು ಒಲೆಯ ಮೇಲಿರುತ್ತಿತ್ತು, ಕೈ ಎಣಿಸುತ್ತಿತ್ತು. ಕೈ ಇಪ್ಪತ್ತೈದು ಎಂದರೆ ಅಲ್ಲಿ ಇಪ್ಪತ್ತಾರು ಇರುತ್ತಿದ್ದವು. ಈ ಮಾತು ನೆನಪಿಡಿ.

ಮದುವೆಯಾಗಿ, ಗಂಡ ಬಿಟ್ಟುಹೋಗಿ, ತವರಿಗೆ ಬಂದ ಮೇಲೂ ಅದೇ ಕೆಲಸ. ಎದೆಯಲ್ಲಿ ಕೆಮ್ಮು ಹಿಡಿಯಿತು. ಸರಕಾರಿ ದವಾಖಾನೆಯ ಡಾಕ್ಟರು ಜರ್ದಾದ ಧೂಳು ಬಿಡು, ಇಲ್ಲದಿದ್ದರೆ ಸಾಯುತ್ತೀಯ ಎಂದರು. ಬಿಟ್ಟೆ. ಓಣಿಯ ಬಾಯಿಗೆ ದಸ್ತಗೀರ ಉಸ್ತಾದರ ಮೋಟರ್‌ಸೈಕಲ್ ಗ್ಯಾರೇಜು. ಹೋಗಿ ನಿಂತೆ.

"ಏನು ಕೆಲಸಾ ಬರ್ತೈತಿ ಬೇಟಿ?" ಎಂದರು.

"ಏನೂ ಬರಂಗಿಲ್ರಿ."

"ಖರೇ ಹೇಳ್ದಿ. ಬರ್ತೈತಿ ಅಂದವ್ರು ನಾಕ ಮಂದಿ ಬಂದು ಹೋಗ್ಯಾರ, ಅವ್ರ ಕೆಡಿಸಿದ್ದನ್ನ ಇನ್ನೂ ಮಾಡಾಕತ್ತೀನಿ."

ಮೊದಲ ಎರಡು ವರ್ಷ ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆದೆ. ಆಮೇಲೆ ಉಸ್ತಾದರಿಗೆ ನನ್ನ ಬೆರಳು ಉಪಯೋಗಕ್ಕೆ ಬಂತು. ವಾಲ್ವಿನ ಕುತ್ತಿಗೆಯಲ್ಲಿ ಕೂರುವ ಲಾಕು ಜೋಳದ ಕಾಳಿನಷ್ಟು ಇರುತ್ತದೆ. ಗಂಡಸರು ಅದನ್ನು ಹತ್ತು ಸಲ ಕೆಳಗೆ ಬೀಳಿಸಿ ಬೈದುಕೊಳ್ಳುತ್ತಿದ್ದರು. ನಾನು ಕಣ್ಣು ಮುಚ್ಚಿ ಕೂರಿಸುತ್ತಿದ್ದೆ. ಬೀಡಿಯ ಬಾಯಿ ಮಡಚುವುದು ಅದಕ್ಕಿಂತ ಕಷ್ಟ.

ಟೈಮಿಂಗ್ ಎಂದರೆ ಏನು ಎಂದು ಉಸ್ತಾದರು ನೆಲದ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದರು. ಕೆಳಗೆ ಪಿಸ್ಟನ್ ಏರುತ್ತದೆ, ಇಳಿಯುತ್ತದೆ. ಮೇಲೆ ವಾಲ್ವುಗಳು ತೆರೆಯುತ್ತವೆ, ಮುಚ್ಚುತ್ತವೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ದಾರಿ ಬಿಟ್ಟಿರಬೇಕು. ಇಬ್ಬರಿಗೂ ಒಂದೇ ಹೊತ್ತು ಇಡುವುದು ನಡುವಿನ ಚೈನು. ಚೈನಿನ ಹಲ್ಲು ಒಂದು ತಪ್ಪಿತೆಂದರೆ ಇಂಜಿನ್ ಸೊರಗುತ್ತದೆ, ಜೋರು ಓಡಿಸಿದಾಗ ಎರಡೂ ಬಡಿದಾಡುತ್ತವೆ. "ಬಡಿದಾಡಿದ್ರ?" ಎಂದು ಕೇಳಿದೆ. "ಇಂಜಿನ್ ಅಲ್ಲೇ ಹಿಡ್ಕೋತೈತಿ. ಹಿಂದಿನ ಗಾಲಿ ಅಲ್ಲೇ ನಿಂದರ್ತೈತಿ. ಮ್ಯಾಲ ಕುಂತಾಂವ ನಿಂದರಂಗಿಲ್ಲ," ಎಂದರು.

ಅವರ ಒಂದು ಕಾಯ್ದೆ. ಟೈಮಿಂಗ್ ಕೂರಿಸಿದ ಮೇಲೆ ಕಿಕ್ ಹೊಡೆಯುವಂತಿಲ್ಲ. ಪ್ಲಗ್ಗು ಬಿಚ್ಚಿ, ಪಾನಾ ಎಂದರೆ ಸ್ಪ್ಯಾನರು ಹಾಕಿ, ಕೈಯಿಂದ ಎರಡು ಪೂರಾ ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಯೇ ಬಿಡಬೇಕು. ಒಮ್ಮೆ ತಡೆಯಿತು. ನಾನು ಹರೆಯದ ಸೊಕ್ಕಿನಲ್ಲಿ ಇನ್ನಷ್ಟು ಒತ್ತಿದೆ. ಟಕ್ ಎಂದಿತು. ವಾಲ್ವ್ ಬಾಗಿತು. ಉಸ್ತಾದರು ಬೈಯಲಿಲ್ಲ. ಬಾಗಿದ ವಾಲ್ವನ್ನು ಒಂದು ತಿಂಗಳು ನನ್ನ ಚಹದ ಕಪ್ಪಿನ ಪಕ್ಕದಲ್ಲಿ ಇಟ್ಟರು. ದಿನಾ ಎರಡು ಹೊತ್ತು ಅದನ್ನು ನೋಡುತ್ತಾ ಚಹ ಕುಡಿದೆ.

ಉಸ್ತಾದರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಗ್ಯಾರೇಜು ಬೇಕಿರಲಿಲ್ಲ. ನನಗೆ ಬೇಕಿತ್ತು. ನಾನೇ ನಡೆಸಿದೆ. ಮೊದಲು ಒಂದಷ್ಟು ಗಿರಾಕಿ ಬಿಟ್ಟುಹೋದರು. ಬೇರೆ ಕಡೆ ಕೆಡಿಸಿಕೊಂಡು ತಿರುಗಿ ಬಂದರು.

ಆಮೇಲೆ ಗೇರಿಲ್ಲದ ಸ್ಕೂಟರುಗಳು ಬಂದವು. ಚೈನು ಹೋಗಿ ಗಾಲಿಗೆ ಬೆಲ್ಟು ಬಂತು. ನಾನು ಕಂಡ ಬೆಲ್ಟೆಂದರೆ ಗ್ಯಾರೇಜಿನ ಎದುರಿಗಿರುವ ದಾದುವಿನ ಹಿಟ್ಟಿನ ಗಿರಣಿಯ ಪಟ್ಟಾ. ಅದು ಜಾರಿದಾಗ ದಾದು ರಾಳ ಸವರುತ್ತಿದ್ದ, ಪಟ್ಟಾ ಹಿಡಿದುಕೊಳ್ಳುತ್ತಿತ್ತು. ಒಂದು ಸ್ಕೂಟರಿನ ಬೆಲ್ಟ್ ಜಾರುತ್ತಿತ್ತು. ದಾದುವಿನ ಹತ್ತಿರ ಹೋಗಿ ಒಂದು ಮುಷ್ಟಿ ರಾಳ ತಂದು ಸವರಿದೆ. ಸ್ಕೂಟರು ಚಿಕ್ಕೋಡಿ ಮುಟ್ಟುವುದರೊಳಗೆ ಬೆಲ್ಟ್ ಸುಟ್ಟು ಹೊಗೆ ಬಂತು. ಆ ಸ್ಕೂಟರು ಒಬ್ಬ ಮಾಸ್ತರರದು. ಅದನ್ನು ತಳ್ಳಿಕೊಂಡು ಬಂದು, "ಶೇವಂತಕ್ಕ, ಗಾಡಿಗೆ ಲೋಬಾನ ಹಾಕಿದ್ರೇನು?" ಎಂದರು. ಬೆಲ್ಟಿಗೆ ಎಣ್ಣೆ ಬೇಡ, ರಾಳ ಬೇಡ, ಏನೂ ಬೇಡ, ಒಣ ಇರಬೇಕು. ಅದನ್ನು ಹಾಗೆ ಕಲಿತೆ.

ಇನ್ನು ಆ ಒಂದು ಹಲ್ಲಿನ ಮಾತು.

ಭರತೇಶ ನಮ್ಮೂರಿನ ತಂಬಾಕು ವ್ಯಾಪಾರದ ಜೈನರ ಮನೆಯ ಹುಡುಗ. ಮೂವತ್ತರ ಒಳಗಿನವನು. ಚಿಕ್ಕಂದಿನಿಂದ ಅವನ ಸೈಕಲ್ಲು, ಮೊಪೆಡ್ಡು ಎಲ್ಲ ನನ್ನ ಹತ್ತಿರವೇ. ನನಗೆ ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಅವನು ಒಂದು ಹೊರದೇಶದ ದೊಡ್ಡ ಗಾಡಿ ಕೊಂಡಿದ್ದ, ಬೇರೆಯವರು ಓಡಿಸಿ ಬಿಟ್ಟದ್ದು. ಕೆಂಪು ಬಣ್ಣ. ಎರಡು ಸಿಲಿಂಡರು; ಒಂದು ಮುಂದಕ್ಕೆ ಮಲಗಿದೆ, ಒಂದು ನೆಟ್ಟಗೆ ನಿಂತಿದೆ. ಅದರಲ್ಲಿ ವಾಲ್ವು ತೆರೆಯುವ ಕ್ಯಾಮು ತಿರುಗಿಸಲು ಚೈನಿಲ್ಲ. ಒಂದೊಂದು ಸಿಲಿಂಡರಿಗೆ ಒಂದೊಂದು ಹಲ್ಲಿನ ರಬ್ಬರ್ ಬೆಲ್ಟು.

ವರ್ಷಗಳಾಗಿದ್ದವು, ಬೆಲ್ಟ್ ಬದಲಿಸಬೇಕಿತ್ತು. ಪುಣೆಯಿಂದ ಹೊಸ ಬೆಲ್ಟು ತರಿಸಿಕೊಂಡು ಬಂದ.

"ಅಲ್ಲಿ ಬಿಟ್ರ ತಿಂಗಳಾನುಗಟ್ಟಲೆ ಇಟ್ಕೋತಾರ ಮಾವಶಿ. ನೀ ಮಾಡ್ತಿಯೇನ?"

"ಇಂಥಾದ್ದನ್ನ ಮಾಡಿಲ್ಲೋ. ಚೈನಿಂದು ಸಾವಿರ ಮಾಡೀನಿ, ಬೆಲ್ಟಿಂದು ಇದ ಮೊದಲ. ಕಂಪನಿ ಕಾಗದಾ ಐತೇನ?"

"ಫೋನಿನ್ಯಾಗ ಐತಿ. ನಾ ಓದಿ ಹೇಳ್ತೀನಿ."

"ಹಂಗಾರ ಸೋಮಾರ ಬಾ. ಗಾಡಿ ರಾತ್ರಿಯಿಂದ ಚಾಲೂ ಮಾಡಬ್ಯಾಡ. ಥಣ್ಣಗಿರಬೇಕು."

ಈ ಥಣ್ಣಗಿನ ಮಾತು ಅವನು ಕಾಗದದಲ್ಲಿ ಓದಿ ಹೇಳುವ ಮೊದಲೇ ನನಗೆ ಗೊತ್ತಿತ್ತು. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಬೆಲ್ಟು ಬಿಗಿಯುತ್ತದೆ. ಬಿಸಿಯಲ್ಲಿ ಅಳತೆ ಮಾಡಿ ಬಿಗಿದರೆ ತಣ್ಣಗಾದಾಗ ಸಡಿಲ. ಸಡಿಲ ಬೆಲ್ಟು ಹಲ್ಲು ಜಿಗಿಯುತ್ತದೆ.

ಸೋಮವಾರ ಬಂದ. ಜೊತೆಗೆ ಹೆಂಡತಿ ಸುಜಾತಾ. ಮದುವೆಯಾಗಿ ಒಂದು ವರ್ಷವಾಗಿತ್ತು. ಸದಲಗಾದ ಹುಡುಗಿ, ಅವಳ ತವರು ಹೊಲಮನೆ ಎಮ್ಮೆಗಳ ದೊಡ್ಡ ಮನೆ. ಬಂದವಳು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ನೋಡುವವರು ಇದ್ದರೆ ನನಗೆ ತೊಂದರೆಯಿಲ್ಲ.

ಕವಚ ಬಿಚ್ಚಿದೆ. ಮಲಗಿದ ಸಿಲಿಂಡರಿನ ಗುರುತುಗಳು ಸರಿಯಾಗಿದ್ದವು. ಬೆಲ್ಟು ಕೂರುವ ಪುಲ್ಲಿಯ ಮೇಲೊಂದು ಗೆರೆ, ಅದರ ಎದುರಿಗೆ ಲೋಹದ ಮೇಲೊಂದು ಗೆರೆ. ನಿಂತ ಸಿಲಿಂಡರಿನಲ್ಲಿ ಹಾಗಿರಲಿಲ್ಲ. ಹಿಂದೆ ಯಾರೋ ಪುಣ್ಯಾತ್ಮ ಉಳಿ ಇಟ್ಟು ಹೊಡೆದು ಗೆರೆಯ ಜಾಗವನ್ನೇ ಚಕ್ಕೆ ಎಬ್ಬಿಸಿದ್ದ. ಎದುರಿಗೆ ತಾಳೆ ನೋಡಲು ಏನೂ ಇರಲಿಲ್ಲ. ಆಗ ಒಂದೇ ದಾರಿ. ಹಳೆಯ ಬೆಲ್ಟು ಇನ್ನೂ ಕೂತಿರುವಾಗಲೇ ಕೆಳಗಿನ ಪುಲ್ಲಿ ಮತ್ತು ಬೆಲ್ಟಿಗೆ ಒಂದು ಬಿಳಿ ಬಣ್ಣದ ಚುಕ್ಕೆ, ಮೇಲಿನ ಪುಲ್ಲಿ ಮತ್ತು ಬೆಲ್ಟಿಗೆ ಇನ್ನೊಂದು. ಬೆಲ್ಟು ತೆಗೆದು ಚುಕ್ಕೆಯಿಂದ ಚುಕ್ಕೆಗೆ ಎಷ್ಟು ಹಲ್ಲು ಎಣಿಸಬೇಕು. ಹೊಸ ಬೆಲ್ಟಿನ ಮೇಲೆ ಅಷ್ಟೇ ಹಲ್ಲಿಗೆ ಚುಕ್ಕೆ ಇಡಬೇಕು. ಚುಕ್ಕೆಗೆ ಚುಕ್ಕೆ ಕೂಡಿಸಿ ಕೂರಿಸಬೇಕು. ದಾರಿ ಸರಿಯಾದದ್ದೇ. ಇವತ್ತಿಗೂ ಅದನ್ನೇ ಮಾಡು ಎನ್ನುತ್ತೇನೆ.

ಮಲಗಿದ ಸಿಲಿಂಡರಿನದನ್ನು ಗೆರೆಗೆ ಗೆರೆ ಇಟ್ಟು ಮುಗಿಸಿದೆ. ನಿಂತದ್ದರ ಹಳೆಯ ಬೆಲ್ಟು ತೆಗೆದೆ. ತೆಗೆದೊಡನೆ ಮೇಲಿನ ಪುಲ್ಲಿ ಸ್ಪ್ರಿಂಗಿನ ಒತ್ತಡಕ್ಕೆ ತಟ್ಟನೆ ಅತ್ತ ಹೊರಳಿತು. ಅದು ಹೊರಳುವುದೇ. ಬೆಲ್ಟನ್ನು ಭರತೇಶನ ಕೈಗೆ ಕೊಟ್ಟೆ. ಅವನು ಪೆನ್ನಿನಿಂದ ಒಂದೊಂದು ಹಲ್ಲಿಗೂ ಗುರುತು ಮಾಡುತ್ತ ಎಣಿಸಿದ.

"ಇಪ್ಪತ್ತೈದ ಮಾವಶಿ. ಎರಡೂ ಚುಕ್ಕಿ ಹಿಡಿದು."

ಇಪ್ಪತ್ತೈದು. ಬೇರೆ ಯಾವ ಸಂಖ್ಯೆ ಹೇಳಿದ್ದರೂ ನಾನು ಕಣ್ಣಿನಿಂದ ನೋಡಿ ಎಣಿಸುತ್ತಿದ್ದೆ. ಇಪ್ಪತ್ತೈದು ಎಂದು ಕಿವಿಗೆ ಬಿದ್ದದ್ದೇ ತಡ, ಹೊಸ ಬೆಲ್ಟು ತೊಡೆಯ ಮೇಲೆ ಬಂತು, ಹೆಬ್ಬೆರಳು ಓಡಿತು. ಅದೇ ಹೊತ್ತಿಗೆ ಸುಜಾತಾ ಏನೋ ಕೇಳಿದಳು, ನಾನು ಅವಳಿಗೆ ಉತ್ತರ ಕೊಡುತ್ತಿದ್ದೆ. ಕೈ ತಾನೇ ಇಪ್ಪತ್ತೈದಕ್ಕೆ ನಿಂತಿತು. ಅಲ್ಲಿ ಚುಕ್ಕೆ ಇಟ್ಟೆ. ಹೊರಳಿದ ಪುಲ್ಲಿಯನ್ನು ಆ ಚುಕ್ಕೆಗೆ ತಂದು ಕೂರಿಸಿದೆ. ಅನುಮಾನವೇ ಬರಲಿಲ್ಲ.

ಬಿಗಿ ನೋಡುವ ಹೊಸ ಪದ್ಧತಿ ಅವತ್ತು ಮೊದಲ ಸಲ ಕಂಡೆ. ಉಸ್ತಾದರ ಕಾಲದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡುವುದಷ್ಟೇ. ಈಗ ಬೆಲ್ಟನ್ನು ತಂತಿಯಂತೆ ಮೀಟಬೇಕು, ಫೋನನ್ನು ಹತ್ತಿರ ಹಿಡಿಯಬೇಕು, ಫೋನು ಸಪ್ಪಳ ಕೇಳಿ ಅಂಕಿ ತೋರಿಸುತ್ತದೆ. ಮೀಟಿದೆ. ಅಂಕಿ ಕುಣಿಯಿತು. ಮತ್ತೆ ಮೀಟಿದೆ. ಬೇರೆ ಅಂಕಿ.

"ಗಿರಣಿ ಸಪ್ಪಳಾ ಕೇಳಾಕತ್ತೈತ್ರಿ ಅದು," ಎಂದಳು ಸುಜಾತಾ. ಚುರುಕಾಗಿದ್ದಳು.

ರಸ್ತೆ ದಾಟಿ ಹೋದೆ. "ದಾದು, ಐದು ಮಿನಿಟ ಗಿರಣಿ ಬಂದ್ ಮಾಡು."

"ಯಾಕಬೇ? ಮಂದಿ ಹಿಟ್ಟಿಗೆ ನಿಂತಾರ."

"ಬೆಲ್ಟಿನ ಸಪ್ಪಳಾ ಕೇಳಬೇಕಾಗೈತಿ."

"ಕೇಳ್ರಪಾ, ಶೇವಂತಿ ಬೆಲ್ಟ್ ಹಾಡಾಕತ್ತೈತಂತ!" ಎಂದು ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಹೇಳಿದ. "ಮುಂದ ಅದಕ ತಬಲಾ ಬೇಕಾಗ್ತೈತೇನ ಬೇ?"

"ನಿನ್ನ ತಲಿ ಸಾಕು, ಬಂದ್ ಮಾಡು."

ಮಾಡಿದ. ಐದು ಮಿನಿಟು ಇಡೀ ರಸ್ತೆ ಸುಮ್ಮನಾಯಿತು. ಮೀಟಿದೆ, ಬಿಗಿದೆ, ಮೀಟಿದೆ. ಮೂರು ಸಲವೂ ಕಾಗದದಲ್ಲಿದ್ದ ಅಂಕಿಯೇ ಬಂತು. ಹೊಸ ಪದ್ಧತಿ ಒಳ್ಳೆಯದು. ಹೆಬ್ಬೆರಳಿಗೆ ವಯಸ್ಸಾಗುತ್ತದೆ, ಅಂಕಿಗೆ ಆಗುವುದಿಲ್ಲ. ಹಳೆಯದೇ ಚಂದ ಎನ್ನುವ ಮಿಸ್ತ್ರಿಗಳ ಮಾತು ಕೇಳಬೇಡಿ.

ಪಾನಾ ಹಾಕಿ ಎರಡು ಸುತ್ತು ತಿರುಗಿಸಿದೆ. ಎಲ್ಲಿಯೂ ತಡೆಯಲಿಲ್ಲ. ಉಸ್ತಾದರ ಪರೀಕ್ಷೆ ದಾಟಿತು. ಒಂದು ಹಲ್ಲಿನ ತಪ್ಪು ಕೈಯ ವೇಗದಲ್ಲಿ ಸಿಗುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಚಾಲೂ ಮಾಡಿದೆವು. ಚಾಲೂ ಆಯಿತು. ಸದ್ದು ಸ್ವಲ್ಪ ಕುಂಟಿದ ಹಾಗಿತ್ತು. ದೊಡ್ಡ ಗಾಡಿ, ಹೊಸ ಬೆಲ್ಟು, ಹೊಂದಿಕೊಳ್ಳಲಿ ಎಂದುಕೊಂಡೆ. ಆ ಕುಂಟನ್ನು ನಾನು ಕೇಳಿದ್ದೆ. ಕೇಳಿಯೂ ಬಿಟ್ಟೆ. ನನ್ನ ತಪ್ಪುಗಳಲ್ಲಿ ಇದೇ ದೊಡ್ಡದು. ಕೈ ತಪ್ಪಿದ್ದು ರೂಢಿಯಿಂದ, ಕಿವಿ ತಪ್ಪಿದ್ದು ಸೋಮಾರಿತನದಿಂದ.

ಮರುದಿನ ಬೆಳಿಗ್ಗೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಗ್ಯಾರೇಜಿನ ಮುಂದೆ ನಿಂತು ಹೋದರು.

"ಸದಲಗಾಕ್ಕ ಹೊಂಟೀವಿ ಮಾವಶಿ. ಮಾವನ ಮನ್ಯಾಗ ಊಟಾ ಮಾಡಿ, ದೂಧಗಂಗಾ ದಾಟಿ ಕೊಲ್ಲಾಪುರ. ಅಲ್ಲಿಂದ ಹೈವೇ. ಹೈವೇ ಹತ್ತಿದ ಮ್ಯಾಲ ನೋಡ್ತೀನಿ ಇದರ ದಮ್ಮ."

"ಸಾವಕಾಶ ಹೋಗು," ಎಂದೆ. ಎಲ್ಲರಿಗೂ ಹೇಳುವ ಮಾತು.

ಅವರು ಹೋದ ಮೇಲೆ ಗ್ಯಾರೇಜು ಗುಡಿಸಿದೆ. ಹಳೆಯ ಬೆಲ್ಟನ್ನು ನಾನು ಒಗೆಯುವುದಿಲ್ಲ, ಏನಾದರೂ ಕಟ್ಟಲು ಬರುತ್ತದೆ. ಮೊಳೆಗೆ ಹಾಕಲು ಎತ್ತಿಕೊಂಡೆ. ಹೆಬ್ಬೆರಳು ಸುಮ್ಮನಿರುವುದಿಲ್ಲವಲ್ಲ, ಚುಕ್ಕೆಯಿಂದ ಚುಕ್ಕೆಗೆ ಓಡಿತು. ಇಪ್ಪತ್ನಾಲ್ಕು.

ಭರತೇಶ ಇಪ್ಪತ್ತೈದು ಎಂದಿದ್ದ. ಹುಡುಗ ತಪ್ಪಿದ ಎಂದುಕೊಂಡೆ. ಬೆಳಕಿಗೆ ಹಿಡಿದು, ಅವನು ಪೆನ್ನಿನಿಂದ ಮಾಡಿದ ಗುರುತು ನೋಡಿ, ಬಾಯಿ ಬಿಟ್ಟು ಎಣಿಸಿದೆ. ಇಪ್ಪತ್ತೈದು. ಮತ್ತೆ ಕೈಯಿಂದ. ಇಪ್ಪತ್ನಾಲ್ಕು. ಮೂರನೆಯ ಸಲ ಎಣಿಸುವಾಗ ಹೆಬ್ಬೆರಳು ಮೊದಲ ಹಲ್ಲನ್ನು ಒತ್ತಿ ಹಿಡಿದು, ಎಣಿಸದೆ ಮುಂದೆ ಹೋದದ್ದನ್ನು ಕಣ್ಣಾರೆ ನೋಡಿದೆ. ಬೀಡಿ ಬಿಟ್ಟು ಎಷ್ಟೋ ದಶಕಗಳಾಗಿದ್ದವು. ಕೈ ಇನ್ನೂ ಕಾರಕೂನನ ಪಾಲು ತೆಗೆದಿಡುತ್ತಿತ್ತು. ಹಾಗಾದರೆ ಹೊಸ ಬೆಲ್ಟಿನ ಮೇಲೆ ನಾನು ಇಟ್ಟ ಚುಕ್ಕೆ ಇಪ್ಪತ್ತಾರನೆಯ ಹಲ್ಲಿನ ಮೇಲಿತ್ತು.

ಫೋನು ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಹೆಲ್ಮೆಟ್ಟಿನೊಳಗೆ ಆ ಗಾಡಿಯ ಸದ್ದಿನಲ್ಲಿ ಯಾವ ಫೋನು ಕೇಳಿಸುತ್ತದೆ. ಸುಜಾತಾಳ ನಂಬರು ನನ್ನ ಹತ್ತಿರ ಇರಲಿಲ್ಲ. ಹಳ್ಳಿಯ ರಸ್ತೆಯಲ್ಲಿ ಎಮ್ಮೆ, ಟ್ರ್ಯಾಕ್ಟರು, ಹೊಂಡ. ಅಲ್ಲಿ ಅವನು ಜೋರು ಓಡಿಸಲಾರ. ಹೈವೇ ಹತ್ತಿದರೆ ಓಡಿಸುತ್ತಾನೆ, ಹೇಳಿಯೇ ಹೋಗಿದ್ದಾನೆ. ಸದಲಗಾ ಬಿಡುವ ಮೊದಲು ಅವನನ್ನು ಹಿಡಿಯಬೇಕು. ಪಾನಾದ ಚೀಲ ನನ್ನ ಹಳೆಯ ಗಾಡಿಗೆ ಕಟ್ಟಿ, ಕಚ್ಚೆ ಬಿಗಿದು ಹೊರಟೆ. ದಾದು ಗಿರಣಿಯಿಂದ ಕೂಗಿದ, "ಎಲ್ಲಿಗಿ ಬೇ, ಸೀರಿಗಿ ಬೆಂಕಿ ಬಿದ್ದಂಗ?"

ಅಕ್ಕೋಳದ ಚಹದ ಅಂಗಡಿಯ ಮುಂದೆ ಗಾಡಿ ನಿಲ್ಲಿಸದೆ ಕಾಲು ಊರಿ ಕೇಳಿದೆ. "ಕೆಂಪ ಗಾಡಿ, ದೊಡ್ಡದು, ಹೋತೇನಪಾ?"

"ಹೋತು. ನಮ್ಮ ಎಮ್ಮಿ ಬೆದರಿ ಹಗ್ಗ ಹರ್ಕೊಂಡು ಕಬ್ಬಿನ್ಯಾಗ ಹೊಕ್ಕೈತಿ. ಅವ್ರು ನಿಮಗೇನಾಗಬೇಕು? ಬೈಯೂದೈತಿ."

"ಎಷ್ಟೊತ್ತಾತು?"

"ತಾಸ ಮ್ಯಾಲಾತು. ಅಷ್ಟ ದೊಡ್ಡ ಗಾಡಿ, ಮುದುಕರಂಗ ಕೆಮ್ಮಿಕೋತ ಹೋತು ನೋಡ್ರಿ."

ಕೆಮ್ಮಿಕೋತ. ದಾರಿಯಲ್ಲಿ ಹೋಗುವವನ ಕಿವಿಗೆ ಬಿದ್ದದ್ದನ್ನು ನಾನು ಹೊಂದಿಕೊಳ್ಳಲಿ ಎಂದು ಬಿಟ್ಟಿದ್ದೆ. ಮುಂದೆ ಎಲ್ಲಿಯೂ ಕೇಳಲಿಲ್ಲ. ನನ್ನ ಗಾಡಿಯಲ್ಲಿ ಎಷ್ಟು ಜೀವ ಇತ್ತೋ ಅಷ್ಟನ್ನೂ ಹಿಂಡಿದೆ.

ಸದಲಗಾದಲ್ಲಿ ಸುಜಾತಾಳ ತಂದೆ ನೇಮಣ್ಣನವರ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಂಗಳದಲ್ಲಿ ಕೆಂಪು ಗಾಡಿ ನಿಂತಿತ್ತು. ಊಟ ಮುಗಿದಿತ್ತು. ಭರತೇಶ ಕೈಗವಸು ಹಾಕಿಕೊಳ್ಳುತ್ತಿದ್ದ, ಸುಜಾತಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. ನೇಮಣ್ಣ, ಅವರ ಹೆಂಡತಿ, ಅಕ್ಕಪಕ್ಕದವರು ಹತ್ತು ಮಂದಿ ಕಳಿಸಿಕೊಡಲು ನಿಂತಿದ್ದರು. ನಾನು ನನ್ನ ಗಾಡಿಯನ್ನು ಅವನ ಗಾಡಿಯ ಮುಂದೆ ಅಡ್ಡ ನಿಲ್ಲಿಸಿದೆ. ಇಳಿದು, ಅವನ ಗಾಡಿಯ ಚಾವಿ ಕಿತ್ತು ಸೊಂಟದ ಸಂಚಿಯಲ್ಲಿ ಹಾಕಿಕೊಂಡೆ.

"ಮಾವಶಿ! ಏನಾತು?"

"ಈ ಗಾಡಿ ಚಾಲೂ ಮಾಡಬ್ಯಾಡ. ನಾ ಬೆಲ್ಟ್ ತಪ್ಪ ಕೂಡ್ಸೀನಿ. ಒಂದು ಹಲ್ಲ."

ನೇಮಣ್ಣ ನಕ್ಕರು. ದೊಡ್ಡ ಮೀಸೆಯ ದೊಡ್ಡ ಮನುಷ್ಯ.

"ನಾ ಮೊದಲ ಹೇಳಿದ್ದೆ ಅಳ್ಯಾ, ಬೀಡಿ ಕಟ್ಟಾಕಿ ಕೈಯಾಗ ಇಂಜಿನ್ ಕೊಡಬ್ಯಾಡ ಅಂತ."

"ಖರೇ ಹೇಳೀರಿ ಸಾಹುಕಾರ್ರ," ಎಂದೆ. "ಬೀಡಿ ಕಟ್ಟೂ ಕೈಯ ತಪ್ಪಿದ್ದು. ಅದಕ ಬಂದೀನಿ."

ಭರತೇಶನ ಮುಖ ಕೆಂಪಾಗಿತ್ತು. ಮಾವನ ಮನೆಯ ಅಂಗಳ, ಹತ್ತು ಮಂದಿಯ ಮುಂದೆ. "ಇಲ್ಲೀತನಕ ಓಡೇತಲ್ಲ ಮಾವಶಿ. ದಮ್ಮ ಸ್ವಲ್ಪ ಕಮ್ಮಿ ಅನಸ್ತು, ಅಷ್ಟ. ಕೊಲ್ಲಾಪುರದಾಗ ದೋಸ್ತರು ಹಾದಿ ಕಾಯಾಕತ್ತಾರ. ಹೋಗಿ ಬಂದು ನೋಡೋಣು. ಸಾವಕಾಶ ಓಡಸ್ತೀನಿ."

"ನೀ ಓಡ್ಸಂಗಿಲ್ಲ. ನಾ ನಿನ್ನ ಸೈಕಲ್ ಇದ್ದಾಗಿಂದ ನೋಡೀನಿ."

"ಚಾವಿ ಕೊಡು ಮಾವಶಿ."

"ಕೊಡಂಗಿಲ್ಲ."

ಆಗ ಸುಜಾತಾ ಕೇಳಿದಳು. ಅವಳೊಬ್ಬಳೇ ಕೇಳಬೇಕಾದದ್ದನ್ನು ಕೇಳಿದಳು. "ಹಂಗ ಓಡಿಸಿದ್ರ ಏನಾಗ್ತೈತ್ರಿ?"

"ಏನೂ ಆಗದನೂ ಇರಬಹುದು. ಜೋರು ಓಡಿಸಿದಾಗ ವಾಲ್ವ್ ಪಿಸ್ಟನ್‌ಗೆ ಬಡೀತಂದ್ರ ಇಂಜಿನ್ ಹಿಡೀತೈತಿ, ಹಿಂದಿನ ಗಾಲಿ ನಿಂದರ್ತೈತಿ. ಹಿಂದ ಕುಂತಾಕಿ ನೀನು."

ಅವಳು ಹೆಲ್ಮೆಟ್ ತೆಗೆದಳು. ಕಟ್ಟೆಯ ಮೇಲೆ ಹೋಗಿ ಕೂತಳು. "ನಾ ಬರಂಗಿಲ್ಲ. ನೀವ ಬೇಕಾದ್ರ ನಡಕೋತ ಹೋಗ್ರಿ," ಎಂದು ಗಂಡನಿಗೆ ಹೇಳಿದಳು. ಅವಳ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ಭರತೇಶ ಕೈಗವಸು ಬಿಚ್ಚಿದ.

ಗಾಡಿ ಬಿಸಿಯಿತ್ತು. ಆಗಲೇ ಬಿಚ್ಚು ಎಂದ ಭರತೇಶ. ಇಲ್ಲ ಎಂದೆ. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ಮಾಡುವವಳಲ್ಲ. ಪೂರಾ ತಣ್ಣಗಾಗಲಿ, ನಾಳೆ ಬೆಳಿಗ್ಗೆ ಎಂದೆ. ಅವನು ದೋಸ್ತರಿಗೆ ಫೋನು ಮಾಡಿ ಬರುವುದಿಲ್ಲ ಎಂದ. ಅವರು ಅತ್ತ ಕಡೆಯಿಂದ ಏನೋ ಚೇಷ್ಟೆ ಮಾಡಿದರು, ಇವನು ಫೋನು ಕತ್ತರಿಸಿದ. ನೇಮಣ್ಣನವರ ಹೆಂಡತಿ ನನಗೆ ಊಟಕ್ಕೆ ಇಕ್ಕಿದರು. ಜೈನರ ಮನೆಯ ರೂಢಿಯಂತೆ ಸೂರ್ಯ ಮುಳುಗುವ ಮೊದಲು ಮತ್ತೆ ಊಟಕ್ಕೆ ಕರೆದರು. ನಾನು ಚಾವಿಯ ಸಂಚಿ ಸೊಂಟದಿಂದ ಬಿಚ್ಚಲಿಲ್ಲ.

ಬೆಳಿಗ್ಗೆ ಹಾಲು ಹಿಂಡಿ ಮುಗಿದ ಮೇಲೆ ಗಾಡಿಯನ್ನು ದನದ ಕೊಟ್ಟಿಗೆಯ ಮುಂದೆ, ಗಾಳಿ ಬಾರದ ಕಡೆ ನಿಲ್ಲಿಸಿದೆ. ಕವಚ ಬಿಚ್ಚಿ ನಿಂತ ಸಿಲಿಂಡರಿನ ಬೆಲ್ಟು ತೆಗೆದೆ. ಸುಜಾತಾಳ ಕೈಗೆ ಕೊಟ್ಟೆ.

"ಚುಕ್ಕಿಯಿಂದ ಚುಕ್ಕಿಗೆ ಎಣಸು. ಬಾಯಿ ತಗದು ಎಣಸು. ಮೊದಲ ಚುಕ್ಕಿಗೇನ ಒಂದು."

"ಒಂದ, ಎರಡ, ಮೂರ..." ಎಲ್ಲರೂ ಕೇಳುತ್ತ ನಿಂತರು. "ಇಪ್ಪತ್ತಾರ."

ಇಪ್ಪತ್ತಾರನೆಯ ಹಲ್ಲಿನ ಚುಕ್ಕೆಯನ್ನು ಪೆಟ್ರೋಲಿನಿಂದ ಒರೆಸಲು ಬಟ್ಟೆ ಎತ್ತಿದವಳು ಅದನ್ನು ಕೆಳಗಿಟ್ಟೆ. ರಬ್ಬರಿಗೆ ಪೆಟ್ರೋಲು ತಾಗಬಾರದು. ಉಗುರಿನಿಂದ ಕೆರೆದು ತೆಗೆದೆ. ಹೊಸ ಚುಕ್ಕೆಗೆ ಜಾಗ ಹುಡುಕುವುದನ್ನು ನಾನು ಮಾಡಲಿಲ್ಲ. ಬೆಲ್ಟನ್ನು ನೇಮಣ್ಣನವರಿಗೆ ಚಾಚಿದೆ.

"ನಾ ಯಾಕ?" ಎಂದರು.

"ನಿಮಗ ನನ್ನ ಕೈ ಮ್ಯಾಲ ನಂಬಿಗಿ ಇಲ್ಲ. ನನಗೂ ಇಲ್ಲ. ನೀವ ಎಣಸ್ರಿ."

ಅವರು ಕನ್ನಡಕ ಹಾಕಿಕೊಂಡರು. ಕಬ್ಬಿನ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಅವರದು ಮರಾಠಿಯಲ್ಲಿ. "ಏಕ, ದೋನ, ತೀನ..." ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ಹತ್ತೊಂಬತ್ತಕ್ಕೆ ಬಂದು ಕೆಮ್ಮಿದರು, ಲೆಕ್ಕ ತಪ್ಪಿತು. ಭರತೇಶ "ಇರಲಿ ಬಿಡ್ರಿ" ಎಂದ. "ತಡೀಪಾ!" ಎಂದು ಅವನನ್ನು ಗದರಿಸಿ ಮತ್ತೆ ಒಂದರಿಂದ ಹಿಡಿದರು. "ಪಂಚವೀಸ," ಎಂದು ಹೆಬ್ಬೆರಳು ಒತ್ತಿ ನಿಂತರು. ಸುಜಾತಾ ಅದರ ಮೇಲೆ ಕನ್ನಡದಲ್ಲಿ ಇನ್ನೊಮ್ಮೆ ಎಣಿಸಿದಳು. ಇಪ್ಪತ್ತೈದು. ಎರಡೂ ಒಂದೇ ಹಲ್ಲಿಗೆ ಬಂದವು. ಅಲ್ಲಿ ಚುಕ್ಕೆ ಇಟ್ಟೆ.

ಪುಲ್ಲಿಯನ್ನು ಚುಕ್ಕೆಗೆ ತಂದೆ, ಬೆಲ್ಟು ಕೂರಿಸಿದೆ, ಮೀಟಿ ಬಿಗಿ ನೋಡಿದೆ. ಎರಡು ಸುತ್ತು ತಿರುಗಿಸಿದೆ. ಮತ್ತೆ ಎರಡು. ಸಂಚಿಯಿಂದ ಚಾವಿ ತೆಗೆದು ಭರತೇಶನಿಗೆ ಕೊಡದೆ ನಾನೇ ಚಾಲೂ ಮಾಡಿದೆ. ಕುಂಟು ಇರಲಿಲ್ಲ. ಎರಡೂ ಸಿಲಿಂಡರು ಒಂದರ ಹಿಂದೆ ಒಂದು ಸರಿಯಾಗಿ ಬಡಿಯುತ್ತಿದ್ದವು. ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಎದ್ದು ನಿಂತಿತು. ಈ ಸಲ ನಾನು ಆ ಸದ್ದನ್ನು ಅರ್ಧ ತಾಸು ಕೇಳಿದೆ. ಯಾರೂ ಹೊಂಟೀವಿ ಎನ್ನಲಿಲ್ಲ.

"ಈಗ ಸರಿ ಐತೇನ?" ಎಂದರು ನೇಮಣ್ಣ.

"ನೀವ ಎಣಿಸಿದ್ದು. ನಿಮಗ ಗೊತ್ತಿರಬೇಕು."

ಅವರು ಮೀಸೆಯಲ್ಲಿ ನಕ್ಕರು. ಭರತೇಶ, ಸುಜಾತಾ ಅವತ್ತೇ ಕೊಲ್ಲಾಪುರಕ್ಕೆ ಹೋಗಿ ಸಂಜೆಗೆ ಹೈವೇ ಹಿಡಿದು ನಿಪ್ಪಾಣಿ ಮುಟ್ಟಿದರು. ಗ್ಯಾರೇಜಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದು ಹೋದರು. ನಾನು ಆ ಹೊತ್ತಿನವರೆಗೂ ಬೇರೆ ಯಾವ ಗಾಡಿಗೂ ಕೈ ಹಚ್ಚಿರಲಿಲ್ಲ.

ಊರಿಗೆಲ್ಲ ಗೊತ್ತಾಯಿತು. ನೇಮಣ್ಣನವರೇ ಎಲ್ಲರಿಗೂ ಹೇಳಿದರು, ತಾವೇ ಬೆಲ್ಟು ಕೂರಿಸಿದ ಹಾಗೆ. ದಾದು ಕೆಲವು ದಿನ ನನ್ನನ್ನು ಇಪ್ಪತ್ತಾರು ಎಂದು ಕರೆದ. ಕೆಲವರು ತಮ್ಮ ಗಾಡಿ ಬೇರೆ ಕಡೆ ಒಯ್ದರು. ಅವರಿಗೆ ಹಾಗೆ ಮಾಡುವ ಹಕ್ಕಿತ್ತು. ನಾನು ಒಂದೇ ಬದಲಾವಣೆ ಮಾಡಿದೆ. ಅಂದಿನಿಂದ ನನ್ನ ಗ್ಯಾರೇಜಿನಲ್ಲಿ ಹಲ್ಲು ಎಣಿಸುವುದು ಇಬ್ಬರು, ಬಾಯಿ ಬಿಟ್ಟು. ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ. ಬೇರೆ ಭಾಷೆಯಲ್ಲಿ ಎಣಿಸುವವರು ಪಕ್ಕದವರ ಸಂಖ್ಯೆಯ ಹಿಂದೆ ಜಾರಿಕೊಂಡು ಹೋಗಲಾರರು. ಗಿರಾಕಿ ಎದುರಿಗಿದ್ದರೆ ಅವರೂ ಎಣಿಸಬೇಕು. ಡಾಕ್ಟರು, ವಕೀಲರು ಎಲ್ಲರ ಕೈಯಲ್ಲೂ ಎಣಿಕೆ ಮಾಡಿಸಿದ್ದೇನೆ.

ಹೋದ ವರ್ಷ ಹೆಬ್ಬೆರಳಿನ ತುದಿಗೆ ಹಲ್ಲು ತಿಳಿಯುವುದು ನಿಂತಿತು. ಅಂದೇ ಪಾನಾ ಕೆಳಗಿಟ್ಟೆ. ಈಗ ಗ್ಯಾರೇಜು ನಡೆಸುವ ಹೆಣ್ಣುಮಕ್ಕಳು ನನಗಿಂತ ಹೆಚ್ಚು ಓದಿದವರು. ಅವರಿಗೆ ಫೋನಿನ ಅಂಕಿ ಓದಲು ಯಾರೂ ಬೇಕಿಲ್ಲ.

ಆ ಹಳೆಯ ಬೆಲ್ಟು ಇನ್ನೂ ಮೊಳೆಯ ಮೇಲಿದೆ. ಬಿಳಿ ಚುಕ್ಕೆ ಎರಡೂ ಹಾಗೆಯೇ ಇವೆ. ಕಲಿಯಲು ಹೊಸದಾಗಿ ಬರುವವಳಿಗೆ ಮೊದಲ ದಿನ ಅದನ್ನು ಕೈಗೆ ಕೊಟ್ಟು, ಎಷ್ಟು ಎಂದು ಮಾತ್ರ ಕೇಳುತ್ತೇನೆ. ಬೇರೆ ಊರಿನವರು ಇಪ್ಪತ್ತೈದು ಎನ್ನುತ್ತಾರೆ. ನಮ್ಮ ಓಣಿಯ ಹುಡುಗಿಯರು ನನ್ನ ಮುಖ ನೋಡುತ್ತ, ಬೆಲ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳು ಓಡಿಸಿ, ಥಟ್ಟನೆ ಇಪ್ಪತ್ನಾಲ್ಕು ಎನ್ನುತ್ತಾರೆ. ಅವರಲ್ಲಿ ಹಲವರು ಬೀಡಿಯನ್ನೇ ಕಟ್ಟಿಲ್ಲ. ಅವ್ವ ಎಣಿಸುವುದನ್ನು ನೋಡಿದ್ದಾರೆ, ಅಷ್ಟೇ.

ಅವರನ್ನೇ ನಾನು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ಆ ಬೆರಳು ವಾಲ್ವಿನ ಲಾಕು ಬೀಳಿಸುವುದಿಲ್ಲ. ಹಲ್ಲು ಎಣಿಸುವಾಗ ಮಾತ್ರ ಹೆಬ್ಬೆರಳನ್ನು ನಾನೇ ಹಿಡಿದು ಮೊದಲ ಚುಕ್ಕೆಯ ಮೇಲೆ ಇಡುತ್ತೇನೆ.

"ಇಲ್ಲಿ ಕಾರಕೂನ ಇಲ್ಲ," ಎನ್ನುತ್ತೇನೆ. "ಇದ ಒಂದು. ಬಾಯಿ ತಗಿ."